ಗುಂಪುಗೂಡಲು ಆಕರ್ಷಣೆಯೇ ಬೇಕೆಂದಿಲ್ಲ

ನೀರಿಗೆ 2,6-ಲುಟಿಡೀನ್ ಎಂಬ ದ್ರವವನ್ನು ತೂಕದಲ್ಲಿ ನೂರಕ್ಕೆ ಸುಮಾರು 28 ಪಾಲು ಬರುವಂತೆ ಬೆರೆಸಿ ಗಾಜಿನ ನಳಿಕೆಯಲ್ಲಿಟ್ಟರೆ, ಕೋಣೆಯ ಉಷ್ಣಾಂಶದಲ್ಲಿ ಅದು ತಿಳಿನೀರಿನ ಹಾಗೇ ಕಾಣುತ್ತದೆ. ನಿಧಾನಕ್ಕೆ ಬಿಸಿ ಮಾಡುತ್ತಾ ಹೋಗಿ. 34 ಡಿಗ್ರಿ ಸೆಲ್ಸಿಯಸ್ ಹತ್ತಿರವಾದಂತೆ ನಳಿಕೆ ಹಾಲುಬಣ್ಣಕ್ಕೆ ತಿರುಗುತ್ತದೆ. ಅದನ್ನು ದಾಟಿದ ಮೇಲೆ ಎರಡು ಪದರಗಳಾಗಿ ಬೇರ್ಪಡುತ್ತದೆ. ಬಿಸಿಯಾದರೆ ಇನ್ನಷ್ಟು ಬೆರೆಯಬೇಕಾದ್ದು ಇಲ್ಲಿ ಬೇರೆಯಾಗುವುದರಿಂದ ಸ್ವಲ್ಪ ತಲೆಕೆಳಗಾದ ಉದಾಹರಣೆ, ಆದರೂ ಪಠ್ಯಪುಸ್ತಕದ ಸ್ಥಿತ್ಯಂತರವೇ (ವಸ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗುವುದು).

ಈಗ ಅದೇ ಮಿಶ್ರಣಕ್ಕೆ ಸುಮಾರು 4 ಮೈಕ್ರೋಮೀಟರ್ ವ್ಯಾಸದ ಸಿಲಿಕಾ ಗುಂಡುಗಳನ್ನು ಬಿಡಿ. ಪ್ರತಿ ಗುಂಡಿನ ಅರ್ಧ ಮೈಗೆ ಮಾತ್ರ ಇಂಗಾಲದ ತೆಳು ಲೇಪವಿರಲಿ. ಮಿಶ್ರಣವನ್ನು ಆ 34 ಡಿಗ್ರಿಯ ಕ್ರಾಂತಿ ಬಿಂದುವಿಗಿಂತ ತುಸು ಕೆಳಗೆ ಹಿಡಿದಿಟ್ಟು ಬೆಳಕು ಬಿಟ್ಟರೆ ಕಪ್ಪು ಬದಿ ಬಿಸಿಯಾಗುತ್ತದೆ, ಅದರ ಸುತ್ತಲಿನ ದ್ರವ ಮಾತ್ರ ಬೇರ್ಪಡುತ್ತದೆ, ಎರಡು ಬದಿಗಳ ಈ ವ್ಯತ್ಯಾಸದಿಂದ ಗುಂಡು ಈಜತೊಡಗುತ್ತದೆ. ಬುಟ್ಟಿನೋನಿ ಮತ್ತು ಸಂಗಡಿಗರು 2013ರಲ್ಲಿ ಇಂಥ ಗುಂಡುಗಳನ್ನು ಸಾಕಷ್ಟು ದಟ್ಟವಾಗಿ ಸೇರಿಸಿ ತೋರಿಸಿದ್ದು ಇದು: ಬೆಳಕು ಹೆಚ್ಚಿಸಿದರೆ ಅವು ಗುಂಪುಗೂಡುತ್ತವೆ, ದಟ್ಟವಾದ ಗುಡ್ಡೆ ಒಂದೆಡೆ, ತೆಳುವಾದ ಅನಿಲದಂಥ ಸ್ಥಿತಿ ಇನ್ನೊಂದೆಡೆ. ಒಂದೇ ತಟ್ಟೆಯಲ್ಲಿ ಎರಡು ಸ್ಥಿತ್ಯಂತರ. ಗುಂಡಿನ ಬೆನ್ನಿಗೆ ಅಂಟಿಕೊಂಡು ನಡೆಯುವುದು ಅಣುಗಳದ್ದು, ನಿಷ್ಕ್ರಿಯ. ಗುಂಡುಗಳ ನಡುವೆ ನಡೆಯುವುದು ಸಕ್ರಿಯ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಎಡವುವುದು ಅಲ್ಲಿಯೇ. ಮೊದಲನೆಯದಕ್ಕೆ ಕಲಿತ ಲೆಕ್ಕಾಚಾರವನ್ನು ಎರಡನೆಯದಕ್ಕೆ ಹಾಗೇ ಹೊತ್ತುಕೊಂಡು ಹೋದರೆ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಸದ್ದಿಲ್ಲದೆ ಕೈಕೊಡುತ್ತದೆ.

ಮೊದಲು ನಿಷ್ಕ್ರಿಯದ ಲೆಕ್ಕ

ಸಮತೋಲನದಲ್ಲಿರುವ ವಸ್ತುವಿಗೆ ಒಂದೇ ನಿಯಮ: ಮುಕ್ತ ಶಕ್ತಿ (ಶಕ್ತಿ ಮತ್ತು ಅವ್ಯವಸ್ಥೆ ಎರಡನ್ನೂ ಸೇರಿಸಿದ ಲೆಕ್ಕ) ಕನಿಷ್ಠವಾಗಿರುವ ಸ್ಥಿತಿಯನ್ನು ಅದು ಆರಿಸಿಕೊಳ್ಳುತ್ತದೆ. ಎರಡು ಸ್ಥಿತಿಗಳು ಪೈಪೋಟಿಗೆ ಬಿದ್ದು, ಒಂದು ಹಂತದಲ್ಲಿ ಗೆಲುವು ಕೈಬದಲಾದರೆ ಸಾಂದ್ರತೆ ಥಟ್ಟನೆ ಜಿಗಿಯುತ್ತದೆ. ನೀರು ಕುದಿಯುವುದು ಹಾಗೆ. ಒತ್ತಡ ಏರಿಸುತ್ತಾ ಹೋದಂತೆ ಈ ಜಿಗಿತ ಚಿಕ್ಕದಾಗುತ್ತಾ ಬಂದು ಕ್ರಾಂತಿ ಬಿಂದುವಿನಲ್ಲಿ ಸೊನ್ನೆಯಾಗುತ್ತದೆ. ನೀರಿಗೆ ಅದು 374 ಡಿಗ್ರಿ, 22.06 ಮೆಗಾಪಾಸ್ಕಲ್. ಇಂಗಾಲದ ಡೈಆಕ್ಸೈಡಿಗೆ ಕೇವಲ 31 ಡಿಗ್ರಿ, ಆದ್ದರಿಂದಲೇ 1869ರಲ್ಲಿ ಆಂಡ್ರ್ಯೂಸ್ ಅದನ್ನು ಗಾಜಿನ ನಳಿಕೆಯೊಳಗೆ ಕಣ್ಣಾರೆ ತೋರಿಸಲು ಸಾಧ್ಯವಾಯಿತು. ಅಲ್ಲಿ ಕಾಣುವ ಹಾಲುಬಣ್ಣಕ್ಕೆ ಕಾರಣ ಸಾಂದ್ರತೆಯ ಏರುಪೇರು: ಏರುಪೇರಿನ ಅಳತೆ ಬೆಳೆಯುತ್ತಾ ಬೆಳಕಿನ ತರಂಗಾಂತರವನ್ನು ಮುಟ್ಟಿದಾಗ ಬೆಳಕು ಎಲ್ಲ ಕಡೆ ಚದುರುತ್ತದೆ.

ಕಂಪ್ಯೂಟರಿನಲ್ಲಿ ಕೈಯಾರೆ ಮಾಡಿ ನೋಡುವುದಾದರೆ, ಕಾಂತದ ಅತಿ ಸರಳ ಚಿತ್ರವಾದ ಎರಡು ಆಯಾಮದ ಐಸಿಂಗ್ ಮಾದರಿಗಿಂತ ಒಳ್ಳೆಯ ಅಭ್ಯಾಸ ಇಲ್ಲ, ಏಕೆಂದರೆ ಉತ್ತರ ಮೊದಲೇ ಗೊತ್ತು. ಚೌಕ ಜಾಲರಿಯ ಪ್ರತಿ ಮನೆಯಲ್ಲೂ ಮೇಲ್ಮುಖ ಅಥವಾ ಕೆಳಮುಖ ಸ್ಪಿನ್ (ಪುಟ್ಟ ಕಾಂತ), ಪಕ್ಕದ ನಾಲ್ವರ ಜೊತೆ ಹೊಂದಿಕೊಳ್ಳುವ ಆಸೆ, ಅದನ್ನು ಕದಡುವ ಉಷ್ಣಾಂಶ. ಆನ್ಸಾಗರ್ 1944ರಲ್ಲಿ ಕೊಟ್ಟ ನಿಖರ ಪರಿಹಾರದ ಪ್ರಕಾರ ಕ್ರಾಂತಿ ಉಷ್ಣಾಂಶ 2.269 (ಪಕ್ಕದವರ ನಡುವಣ ಬಲವನ್ನು 1 ಎಂದು ಹಿಡಿದರೆ). ಒಂದು ಸ್ಪಿನ್ ತಿರುಗಿಸಿದರೆ ಶಕ್ತಿಯ ಬದಲಾವಣೆ −8, −4, 0, 4, 8 ಇಷ್ಟರಲ್ಲೇ ಒಂದು. ಹಾಗಾಗಿ ತಿರುಗಿಸುವ ಸಂಭವವನ್ನು ಹೇಳುವ ಘಾತೀಯ ಫಲನವನ್ನು ಪ್ರತಿ ಸಲ ಲೆಕ್ಕ ಹಾಕಬೇಕಿಲ್ಲ, 4 ಮತ್ತು 8ಕ್ಕೆ ಮಾತ್ರ ಮೊದಲೇ ಹಾಕಿಟ್ಟುಕೊಂಡರೆ ಸಾಕು. ಕೋಡ್ ಸರಿಯಿದೆಯೇ ಎಂದು ನೋಡಲು ಉಷ್ಣಾಂಶ 2.0ರಲ್ಲಿ ಓಡಿಸಿ: ಕಾಂತತೆ (ಎಲ್ಲ ಸ್ಪಿನ್‌ಗಳ ಸರಾಸರಿ) 0.911 ಬರಬೇಕು. 0.88 ಬಂದರೆ ಎಲ್ಲೋ ತಪ್ಪಿದೆ, ಸಾಮಾನ್ಯವಾಗಿ ಅಂಚುಗಳನ್ನು ಸುತ್ತಿ ಜೋಡಿಸುವಲ್ಲಿ.

ಸರಿಯಾದ ಕೋಡಿನಲ್ಲೂ ಮೂರು ತೊಡಕು ಬರುತ್ತವೆ. ಸರಾಸರಿ ತೆಗೆಯುವಾಗ ಕಾಂತತೆಯ ಬದಲು ಅದರ ನಿರಪೇಕ್ಷ ಬೆಲೆ ತೆಗೆದುಕೊಳ್ಳಬೇಕು. ಸಣ್ಣ ಜಾಲರಿಯಲ್ಲಿ ಇಡೀ ಗುಂಪು ಆಗಾಗ ಮಗುಚಿಕೊಳ್ಳುವುದರಿಂದ ನೇರ ಸರಾಸರಿ ಸೊನ್ನೆಗೆ ಬರುತ್ತದೆ. ಯಾದೃಚ್ಛಿಕ ಆರಂಭದಿಂದ ಥಟ್ಟನೆ ಸೊನ್ನೆ ಉಷ್ಣಾಂಶಕ್ಕೆ ಇಳಿಸಿದರೆ ಸರಿಸುಮಾರು ಮೂರರಲ್ಲಿ ಒಂದು ಸಲ ವ್ಯವಸ್ಥೆ ಎರಡು ಪಟ್ಟೆಗಳಾಗಿ ಹೆಪ್ಪುಗಟ್ಟಿ ನಿಂತುಬಿಡುತ್ತದೆ; ಅದು ಹೊಸ ಸ್ಥಿತಿಯಲ್ಲ, ಸಿಕ್ಕಿಹಾಕಿಕೊಂಡದ್ದು. ಮೂರನೆಯದು ಎಲ್ಲಕ್ಕಿಂತ ದುಬಾರಿ: ಕ್ರಾಂತಿ ಬಿಂದುವಿನಲ್ಲಿ ವ್ಯವಸ್ಥೆ ತನ್ನ ಹಳೆಯ ನೆನಪನ್ನು ಮರೆಯಲು ಹಿಡಿಯುವ ಕಾಲ ಜಾಲರಿಯ ಅಳತೆಯ 2.17ನೇ ಘಾತದಂತೆ ಬೆಳೆಯುತ್ತದೆ. ಅಳತೆ ದುಪ್ಪಟ್ಟಾದರೆ ಈ ಕಾಲ ನಾಲ್ಕೂವರೆ ಪಟ್ಟು, ಮನೆಗಳ ಸಂಖ್ಯೆಯೂ ನಾಲ್ಕು ಪಟ್ಟು, ಒಟ್ಟು ಕೆಲಸ 18 ಪಟ್ಟು. 64ರ ಜಾಲರಿಯಲ್ಲೇ ಎರಡು ಸ್ವತಂತ್ರ ಮಾದರಿಗಳ ನಡುವೆ ಸಾವಿರಾರು ಸುತ್ತು (ಒಂದು ಸುತ್ತು ಎಂದರೆ ಪ್ರತಿ ಮನೆಗೂ ಒಂದು ಸರದಿ) ಬೇಕು. ಇದನ್ನು ಮರೆತು ನೂರು ಸುತ್ತಿಗೊಮ್ಮೆ ಅಳೆದು ‘ದೋಷ ಬಹಳ ಕಡಿಮೆ’ ಎಂದು ಬರೆದುಕೊಂಡರೆ ಆ ದೋಷದ ಅಂದಾಜೇ ಸುಳ್ಳು. 1989ರ ವುಲ್ಫ್ ವಿಧಾನದಂತೆ ಇಡೀ ಗುಂಪುಗಳನ್ನೇ ಒಟ್ಟಿಗೆ ತಿರುಗಿಸಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಸಕ್ರಿಯ ದ್ರವ್ಯಕ್ಕೆ ಈ ಅಡ್ಡದಾರಿ ಇಲ್ಲ, ನಿಜವಾದ ಚಲನೆಯನ್ನೇ ಹೆಜ್ಜೆ ಹೆಜ್ಜೆಯಾಗಿ ಓಡಿಸಬೇಕು.

ಕ್ರಾಂತಿ ಬಿಂದು ಎಲ್ಲಿದೆ ಎಂದು ಹುಡುಕಲು ಬೈಂಡರ್ ಸಂಖ್ಯೆ ಬಳಸಿ: ಕಾಂತತೆಯ ನಾಲ್ಕನೇ ಘಾತದ ಸರಾಸರಿಯನ್ನು, ವರ್ಗದ ಸರಾಸರಿಯ ವರ್ಗದ ಮೂರರಷ್ಟರಿಂದ ಭಾಗಿಸಿ, 1ರಿಂದ ಕಳೆಯಿರಿ. 32, 64, 128ರ ಜಾಲರಿಗಳಿಗೆ ಇದರ ಗೆರೆಗಳನ್ನು ಎಳೆದರೆ ಎಲ್ಲವೂ ಒಂದೇ ಕಡೆ, ಸುಮಾರು 0.611 ಎತ್ತರದಲ್ಲಿ ಹಾಯುತ್ತವೆ. ಜಿಗಿಯುವ ಬಗೆಯ ಸ್ಥಿತ್ಯಂತರವಾದರೆ ಇದೇ ಸಂಖ್ಯೆ ಸ್ಥಿತ್ಯಂತರದ ಹತ್ತಿರ ಸೊನ್ನೆಗಿಂತ ಕೆಳಗೆ ಗುಂಡಿ ತೋಡುತ್ತದೆ. ಈ ಗುಂಡಿಯ ಮಾತು ಮುಂದೆ ಮತ್ತೆ ಬರುತ್ತದೆ.

ಈಜುವ ತಟ್ಟೆಗಳು

ಸಕ್ರಿಯ ಎನ್ನುವುದರ ಅರ್ಥ ಇಷ್ಟೇ: ಶಕ್ತಿ ಹೊರಗಿನ ಗೋಡೆಯಿಂದಲೋ ಕಲಕುವ ಕಡ್ಡಿಯಿಂದಲೋ ಬರುವುದಿಲ್ಲ, ಪ್ರತಿ ಕಣವೂ ತನ್ನಷ್ಟಕ್ಕೆ ಸುಟ್ಟು ಚಲನೆಯಾಗಿಸುತ್ತದೆ. ಬ್ಯಾಕ್ಟೀರಿಯಾ, ಹಕ್ಕಿಗಳ ಹಿಂಡು, ಮೇಲಿನ ಇಂಗಾಲದ ಟೋಪಿಯ ಗುಂಡು, ಎಲ್ಲವೂ ಇದರಲ್ಲಿ ಬರುತ್ತವೆ. ಚಲನಚಿತ್ರವನ್ನು ಹಿಂದುಮುಂದಾಗಿ ಓಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಸಮತೋಲನದಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಕನಿಷ್ಠವಾಗಬೇಕಾದ ಮುಕ್ತ ಶಕ್ತಿ ಎಂಬುದೊಂದು ಇಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆ ಇಲ್ಲ.

‘ಹಾಗಾದರೆ ಹೆಚ್ಚಿನ ಉಷ್ಣಾಂಶ ಎಂದು ಹಿಡಿದರಾಯಿತು’ ಎನ್ನುವವರಿದ್ದಾರೆ. ಅದು ಎಲ್ಲಿ ಕೆಡುತ್ತದೆ ನೋಡಿ. ಈಜುವ ತಟ್ಟೆಯ ಮಾದರಿಯಲ್ಲಿ (ಇಲ್ಲಿ ತಟ್ಟೆ ಎಂದರೆ ದುಂಡಗಿನ ಚಪ್ಪಟೆ ಕಣವೇ) ಕಣಕ್ಕೆ ಒಂದು ಸ್ಥಿರ ವೇಗ, ಒಂದು ಮುಖ, ಆ ಮುಖ ನಿಧಾನಕ್ಕೆ ಅಡ್ಡಾದಿಡ್ಡಿ ತಿರುಗುತ್ತದೆ, ಮುಟ್ಟಿದರೆ ತಳ್ಳಿಕೊಳ್ಳುತ್ತವೆ, ಆಕರ್ಷಣೆ ಇಲ್ಲವೇ ಇಲ್ಲ. ವೇಗವನ್ನು ವ್ಯಾಸದಿಂದ ಗುಣಿಸಿ ವಿಸರಣಾಂಕದಿಂದ (ಈಜದ ಕಣ ಅಡ್ಡಾದಿಡ್ಡಿ ಅಲೆದು ಹರಡುವ ವೇಗದ ಅಳತೆ) ಭಾಗಿಸಿದರೆ ಬರುವುದು ಪೆಕ್ಲೆ ಸಂಖ್ಯೆ. ಅದು 100 ಇದ್ದಾಗ ಒಂಟಿ ಕಣ ದೀರ್ಘಕಾಲದಲ್ಲಿ ಅಲೆಯುವ ರೀತಿ ಈಜದ ಕಣಕ್ಕಿಂತ ಸುಮಾರು 1,670 ಪಟ್ಟು ಬಿಸಿಯಾದ ಕಣದಂತೆ. ಬರೀ ತಳ್ಳಿಕೊಳ್ಳುವ ತಟ್ಟೆಗಳನ್ನು ಅಷ್ಟು ಬಿಸಿ ಮಾಡಿದರೆ ಅನಿಲ–ದ್ರವ ಎಂದು ಬೇರ್ಪಡುವ ಪ್ರಶ್ನೆಯೇ ಇಲ್ಲ. ಈಜುವ ತಟ್ಟೆಗಳು ಮಾತ್ರ ನಿಚ್ಚಳವಾಗಿ ಬೇರ್ಪಡುತ್ತವೆ. ಒಂಟಿ ಕಣಕ್ಕೆ ಹೊಂದುವ ಉಷ್ಣಾಂಶ ಗುಂಪಿಗೆ ಹೊಂದುವುದಿಲ್ಲ.

ಕಾರಣ ಸರಳ, 2008ರಲ್ಲಿ ಟೈಯರ್ ಮತ್ತು ಕೇಟ್ಸ್ ಅದನ್ನು ಬಿಡಿಸಿಟ್ಟರು. ಈಜುವ ಕಣ ನಿಧಾನವಾಗುವ ಕಡೆ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಅಲ್ಲಿ ದಟ್ಟಣೆ. ದಟ್ಟಣೆ ಇದ್ದಲ್ಲಿ ಡಿಕ್ಕಿ ಜಾಸ್ತಿ, ಹಾಗಾಗಿ ಇನ್ನೂ ನಿಧಾನ. ಯಾವಾಗ ಇದು ಕೈಮೀರುತ್ತದೆ? ಸಾಂದ್ರತೆಯನ್ನೂ ಆ ಸಾಂದ್ರತೆಯಲ್ಲಿನ ವೇಗವನ್ನೂ ಗುಣಿಸಿ. ಕಣ ಸೇರಿಸಿದಂತೆ ಈ ಗುಣಲಬ್ಧ ಏರುತ್ತಿದ್ದರೆ ಪರವಾಗಿಲ್ಲ. ಇಳಿಯತೊಡಗಿತೋ, ಸಮನಾಗಿ ಹರಡಿದ ಸ್ಥಿತಿ ಉಳಿಯುವುದಿಲ್ಲ. ವೇಗ ಸಾಂದ್ರತೆಯೊಂದಿಗೆ ನೇರ ಗೆರೆಯಲ್ಲಿ ಇಳಿದು ಗರಿಷ್ಠ ಸಾಂದ್ರತೆಯಲ್ಲಿ ಸೊನ್ನೆಯಾಗುತ್ತದೆ ಎಂದು ಹಿಡಿದರೆ (ಸಿಮ್ಯುಲೇಶನ್ನಿನಲ್ಲಿ ಸಾಕಷ್ಟು ಚೆನ್ನಾಗಿ ಹೊಂದುತ್ತದೆ), ಆ ಗರಿಷ್ಠದ ಅರ್ಧ ದಾಟಿದ ಕೂಡಲೇ ಅಸ್ಥಿರತೆ ಶುರು. ರಸ್ತೆಯ ವಾಹನ ದಟ್ಟಣೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ ರೇಖಾಚಿತ್ರ. ಈ ಸರಳ ಲೆಕ್ಕ ಸಾಮಾನ್ಯ ವಿಸರಣೆಯನ್ನು ಬಿಟ್ಟಿದೆ. ಅದನ್ನು ಸೇರಿಸಿದರೆ ಪೆಕ್ಲೆ ಸಂಖ್ಯೆ ಕಡಿಮೆಯಿದ್ದಾಗ ಬೇರ್ಪಡಿಕೆ ಇಲ್ಲವಾಗುತ್ತದೆ. ಎರಡು ಆಯಾಮದಲ್ಲಿ ಕ್ರಾಂತಿ ಬಿಂದು ಸುಮಾರು 40ರ ಬಳಿ.

ಆ 40ರ ಬಗ್ಗೆ ಒಂದು ಎಚ್ಚರಿಕೆ. ಪೆಕ್ಲೆ ಸಂಖ್ಯೆಯನ್ನು ಎಲ್ಲರೂ ಒಂದೇ ಥರ ಬರೆಯುವುದಿಲ್ಲ. ವಿಸರಣಾಂಕದ ಬದಲು ಮುಖ ತಿರುಗುವ ಕಾಲವನ್ನು ಬಳಸಿ, ವೇಗ ಗುಣಿಸು ಕಾಲ ಭಾಗಿಸು ವ್ಯಾಸ ಎಂದು ಬರೆದರೆ ಅದೇ ಬಿಂದು 13 ಆಗುತ್ತದೆ, ಏಕೆಂದರೆ ಗುಂಡಾದ ಕಣಕ್ಕೆ ಎರಡರ ನಡುವೆ 3ರ ಅಂತರವಿದೆ. ಇಬ್ಬರ ಫಲಿತಾಂಶ ತಾಳೆಯಾಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಈ 3 ಎಲ್ಲಿ ಹೋಯಿತು ಎಂದು ಹುಡುಕಿ.

ಓಡಿಸುವ ವಿಧಾನ: ತಳ್ಳುವ ಬಲಕ್ಕೆ ಲೆನಾರ್ಡ್-ಜೋನ್ಸ್ ವಿಭವವನ್ನು (ಹತ್ತಿರದಲ್ಲಿ ತಳ್ಳುವ, ದೂರದಲ್ಲಿ ಎಳೆಯುವ ಶಕ್ತಿಯ ಗೆರೆ) ಅದರ ತಳದಲ್ಲೇ, ಅಂದರೆ ವ್ಯಾಸದ 1.122 ಪಟ್ಟು ದೂರದಲ್ಲಿ ಕತ್ತರಿಸಿ ಮೇಲೆತ್ತಿ. ಪೆಟ್ಟಿಗೆಯ ಶೇಕಡಾ 60ರಷ್ಟು ಜಾಗ ತಟ್ಟೆಗಳಿಂದ ತುಂಬಿರಲಿ, ಪೆಕ್ಲೆ 100. ಕಾಲದ ಹೆಜ್ಜೆ, ವ್ಯಾಸದ ವರ್ಗವನ್ನು ವಿಸರಣಾಂಕದಿಂದ ಭಾಗಿಸಿದ ಕಾಲದ ಲಕ್ಷದಲ್ಲೊಂದು ಪಾಲು. ಆಗ ಕಣ ಒಂದು ಹೆಜ್ಜೆಗೆ ತನ್ನ ವ್ಯಾಸದ ಸಾವಿರದಲ್ಲೊಂದು ಪಾಲು ಈಜುತ್ತದೆ. ನೂರು ಪಟ್ಟು ದೊಡ್ಡ ಹೆಜ್ಜೆ ಇಟ್ಟರೆ ಒಂದೇ ಏಟಿಗೆ ಪಕ್ಕದವನ ಹೊಟ್ಟೆಯೊಳಗೆ ಹೊಕ್ಕು, ಬಲ ಆಕಾಶಕ್ಕೇರಿ, ಕಣ ಪೆಟ್ಟಿಗೆಯಾಚೆ ಹಾರುತ್ತದೆ. ಇದಾದರೂ ವಾಸಿ, ತಪ್ಪು ತಾನೇ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಳ್ಳದ ತಪ್ಪು ಇನ್ನೊಂದಿದೆ: ಪೆಕ್ಲೆ ಹೆಚ್ಚಿಸಲೆಂದು ಈಜುವ ಬಲವನ್ನೇ ಹೆಚ್ಚಿಸುತ್ತಾ ಹೋಗುವುದು. ತಳ್ಳುವ ಬಲದ ಗಡಸುತನ ಹಾಗೇ ಇದ್ದರೆ ಕಣಗಳು ಒಂದರೊಳಗೊಂದು ಒತ್ತಿಕೊಂಡು ಪರಿಣಾಮಕಾರಿ ವ್ಯಾಸ ಕುಗ್ಗುತ್ತದೆ, ನೀವು ಬರೆದಿಟ್ಟ ಶೇಕಡಾ 60 ನಿಜದಲ್ಲಿ 60 ಆಗಿ ಉಳಿಯುವುದಿಲ್ಲ. ಬಹಳ ಜೋರಾದರೆ ಗುಂಪೇ ಕರಗಿಬಿಡುತ್ತದೆ, ‘ಹೊಸ ಸ್ಥಿತ್ಯಂತರ ಸಿಕ್ಕಿತು’ ಎನಿಸುತ್ತದೆ. ಈಜುವ ಬಲವನ್ನೂ ಗಡಸುತನವನ್ನೂ ಒಂದಕ್ಕೊಂದು ಕಟ್ಟಿಹಾಕಿ, ಪೆಕ್ಲೆ ಬದಲಾಯಿಸಲು ಉಷ್ಣ ಗದ್ದಲವನ್ನು (ಉಷ್ಣಾಂಶದಿಂದಾಗುವ ಅಡ್ಡಾದಿಡ್ಡಿ ಕುಲುಕಾಟ) ತಗ್ಗಿಸುವುದು ಸುರಕ್ಷಿತ.

ಎರಡು ಸ್ಥಿತಿಗಳ ಸಾಂದ್ರತೆ ಓದಿಕೊಳ್ಳಲು ಚೌಕ ಪೆಟ್ಟಿಗೆ ಬೇಡ. ಒಂದಕ್ಕೆ ಮೂರರ ಉದ್ದ ಪೆಟ್ಟಿಗೆಯಲ್ಲಿ, ನಡುವೆ ದಟ್ಟ ಪಟ್ಟಿಯೊಂದನ್ನು ಇಟ್ಟೇ ಶುರುಮಾಡಿ. ಗಡಿ ಚಪ್ಪಟೆಯಾಗಿ ನಿಲ್ಲುತ್ತದೆ, ಎರಡೂ ಬದಿಯ ಸಮತಟ್ಟು ಸಾಂದ್ರತೆ ನೇರವಾಗಿ ಸಿಗುತ್ತದೆ. ಸಮನಾಗಿ ಹರಡಿ ಶುರುಮಾಡಿದರೆ ಎರಡು ಸ್ಥಿತಿಗಳು ಒಟ್ಟಿಗಿರಬಲ್ಲ ಸಾಂದ್ರತೆಯ ಮಿತಿಯ ಹತ್ತಿರ ಮೊದಲ ಬೀಜ ಹುಟ್ಟುವುದಕ್ಕೇ ಯುಗ ಹಿಡಿಯುತ್ತದೆ. ಕಾಯದೆ ಎದ್ದವರು ‘ಇಲ್ಲಿ ಬೇರ್ಪಡಿಕೆ ಇಲ್ಲ’ ಎಂದು ನಕ್ಷೆಯಲ್ಲಿ ಚುಕ್ಕೆ ಇಡುತ್ತಾರೆ. ಪೆಟ್ಟಿಗೆಯ ಗಿಡ್ಡ ಬದಿಯೂ ಕಣ ಮುಖ ತಿರುಗಿಸುವ ಮುಂಚೆ ಈಜುವ ದೂರದ ಹಲವು ಪಟ್ಟು ಇರಲೇಬೇಕು. ಪೆಕ್ಲೆ 100ಕ್ಕೆ ಆ ದೂರ 33 ವ್ಯಾಸ.

ಸಾಂದ್ರತೆಗಳು ಸಿಕ್ಕವು ಎಂದಿಟ್ಟುಕೊಳ್ಳಿ. ಅವನ್ನು ಲೆಕ್ಕದಿಂದ ಮುಂಚೆಯೇ ಹೇಳಬಹುದೇ? ನಿಷ್ಕ್ರಿಯದಲ್ಲಿ ಒತ್ತಡದ ಗೆರೆ ಎಳೆದು ಮ್ಯಾಕ್ಸ್‌ವೆಲ್‌ನ ಸಮ ವಿಸ್ತೀರ್ಣದ ಉಪಾಯ ಹಾಕಿದರೆ ಮುಗಿಯಿತು. ಇಲ್ಲಿ ಆ ಉಪಾಯ ತಪ್ಪು ಸಂಖ್ಯೆ ಕೊಡುತ್ತದೆ, ಏಕೆಂದರೆ ಗಡಿಯ ಒಳರಚನೆಯೂ ಎರಡು ಬದಿಯ ಸಾಂದ್ರತೆಯನ್ನು ನಿರ್ಧರಿಸುವುದರಲ್ಲಿ ಕೈಹಾಕುತ್ತದೆ. ಸಮತೋಲನದಲ್ಲಿ ಗಡಿಗೆ ಆ ಅಧಿಕಾರವಿಲ್ಲ. ಒತ್ತಡವೂ ನಂಬಿಕಸ್ಥನಲ್ಲ: ಗೋಡೆಗೆ ತಾಗಿದ ಕಣ ಮುಖ ತಿರುಗಿಸಿಕೊಳ್ಳುವಂತಿದ್ದರೆ (ಉದ್ದುದ್ದ ಕಣಗಳು ಹಾಗೇ ಮಾಡುತ್ತವೆ) ಗೋಡೆ ಗಡಸೋ ಮೆತ್ತಗೋ ಎಂಬುದರ ಮೇಲೆ ಒತ್ತಡವೇ ಬದಲಾಗುತ್ತದೆ ಎಂದು 2015ರಲ್ಲಿ ಸೊಲೊನ್ ಮತ್ತು ಸಂಗಡಿಗರು ತೋರಿಸಿದರು. ಒಂದೇ ದ್ರವಕ್ಕೆ ಎರಡು ಗೋಡೆಗಳಲ್ಲಿ ಎರಡು ಒತ್ತಡ! ಗುಂಡಾದ ಸರಳ ಕಣಗಳಿಗೆ ಈ ಕಾಟವಿಲ್ಲ, ಆದ್ದರಿಂದಲೇ ಅವುಗಳಿಂದ ಕಲಿತದ್ದನ್ನು ಕಡ್ಡಿಗಳಿಗೆ ಹಚ್ಚುವಾಗ ಹುಷಾರು.

ದಟ್ಟ ಗುಡ್ಡೆಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ವಿಚಿತ್ರ. ಸಾಮಾನ್ಯ ದ್ರವದಲ್ಲಿ ದೊಡ್ಡ ಗುಳ್ಳೆ ಸಣ್ಣದನ್ನು ನುಂಗಿ ಬೆಳೆಯುತ್ತದೆ. ದೊಡ್ಡ ಸಿಮ್ಯುಲೇಶನ್ನುಗಳಲ್ಲಿ ಈ ಗುಡ್ಡೆಯ ಒಳಗೆ ಅನಿಲದ ಗುಳ್ಳೆಗಳು ಹುಟ್ಟುತ್ತಲೇ ಇರುತ್ತವೆ, ಅಂಚಿಗೆ ಬಂದು ಒಡೆಯುತ್ತಲೇ ಇರುತ್ತವೆ, ಹೊಸವು ಮತ್ತೆ ಬರುತ್ತವೆ. ದೊಡ್ಡದರಿಂದ ಸಣ್ಣದಕ್ಕೆ ವಸ್ತು ಹರಿಯುವ ಈ ಉಲ್ಟಾ ವ್ಯವಹಾರ ಸಾಧ್ಯವೆಂದು 2018ರಲ್ಲಿ ಚುಂಗ್, ನಾರ್ಡಿನಿ ಮತ್ತು ಕೇಟ್ಸ್ ಸಿದ್ಧಾಂತದಿಂದಲೇ ತೋರಿಸಿದರು. ಹಾಗಾಗಿ ‘ಗುಡ್ಡೆ ಪೂರ್ತಿ ಗಟ್ಟಿಯಾಗುವ ತನಕ ಓಡಿಸೋಣ’ ಎಂದು ಕಾಯುವುದರಲ್ಲಿ ಅರ್ಥವಿಲ್ಲದಿರಬಹುದು.

ಹಿಂಡು ಮತ್ತು ಪಟ್ಟಿ

ಸಕ್ರಿಯ ದ್ರವ್ಯದ ಇನ್ನೊಂದು ದೊಡ್ಡ ಸ್ಥಿತ್ಯಂತರ ಹಿಂಡುಗಟ್ಟುವುದು. ವಿಚೆಕ್ ಮತ್ತು ಸಂಗಡಿಗರ 1995ರ ಮಾದರಿ ಹತ್ತು ಸಾಲಿನ ಕೋಡ್: ಚುಕ್ಕೆಗಳೆಲ್ಲ ಒಂದೇ ವೇಗ, ಪ್ರತಿಯೊಂದೂ ತನ್ನ ಸುತ್ತ 1 ತ್ರಿಜ್ಯದೊಳಗಿನವರ ಸರಾಸರಿ ದಿಕ್ಕನ್ನು ಹಿಡಿದು ಸ್ವಲ್ಪ ಗದ್ದಲ ಸೇರಿಸಿ ಮುಂದೆ ಹೆಜ್ಜೆ ಇಡುತ್ತದೆ. ಸರಾಸರಿ ದಿಕ್ಕು ಎಂದರೆ ಕೋನಗಳ ಸರಾಸರಿಯಲ್ಲ. 1 ಮತ್ತು 359 ಡಿಗ್ರಿಗಳ ಸರಾಸರಿ 180 ಬಂದು ಇಬ್ಬರೂ ಬೆನ್ನು ತಿರುಗಿಸುತ್ತಾರೆ. ಸೈನ್‌ಗಳನ್ನೂ ಕೊಸೈನ್‌ಗಳನ್ನೂ ಬೇರೆ ಬೇರೆ ಕೂಡಿ ಕೊನೆಗೆ ಕೋನ ತೆಗೆಯಬೇಕು. ಪಕ್ಕದವರನ್ನು ಹುಡುಕಲು ಪೆಟ್ಟಿಗೆಯನ್ನು 1ರ ಅಳತೆಯ ಚೌಕಗಳಾಗಿ ಹೆಚ್ಚಿ ಒಂಬತ್ತು ಚೌಕ ನೋಡಿದರೆ ಸಾಕು. ಎಲ್ಲರನ್ನೂ ಎಲ್ಲರೊಂದಿಗೆ ಹೋಲಿಸಿದರೆ 10,000 ಚುಕ್ಕೆಗೇ ಕಂಪ್ಯೂಟರ್ ಉಸಿರುಗಟ್ಟುತ್ತದೆ.

ಮೂಲ ಲೇಖನದಲ್ಲಿ ವೇಗ 0.03, ಸಾಂದ್ರತೆ 4, ಅತಿ ದೊಡ್ಡ ಪೆಟ್ಟಿಗೆ 50 ಗುಣಿಸು 50, ಅಂದರೆ ಆ 10,000 ಚುಕ್ಕೆ. ಗದ್ದಲ ಇಳಿಸಿದಂತೆ ಕ್ರಮ (ಎಲ್ಲರೂ ಒಂದೇ ದಿಕ್ಕು ಹಿಡಿದಿರುವ ಮಟ್ಟ) ನಯವಾಗಿ ಏರಿತು, ಐಸಿಂಗ್‌ನಂತೆ ಜಿಗಿತವಿಲ್ಲದ ನಿರಂತರ ಸ್ಥಿತ್ಯಂತರ ಎಂಬ ತೀರ್ಮಾನ ಬಂತು, 0.45 ಎಂಬ ಘಾತಾಂಕವೂ ಸಿಕ್ಕಿತು. 2004ರಲ್ಲಿ ಗ್ರೆಗ್ವಾರ್ ಮತ್ತು ಶಾಟೆ ಪೆಟ್ಟಿಗೆಯನ್ನು ಸಾಕಷ್ಟು ದೊಡ್ಡದು ಮಾಡಿದಾಗ ಚಿತ್ರವೇ ಬದಲಾಯಿತು. ಸ್ಥಿತ್ಯಂತರದ ಬಳಿ ದಟ್ಟ ಪಟ್ಟಿಗಳು ತಮ್ಮ ಉದ್ದಕ್ಕೆ ಅಡ್ಡವಾಗಿ ಅಲೆಯಂತೆ ಸಾಗುತ್ತವೆ, ನಡುವೆ ದಿಕ್ಕಿಲ್ಲದ ತೆಳು ಅನಿಲ. ಕ್ರಮ ಜಿಗಿಯುತ್ತದೆ, ಗದ್ದಲ ಏರಿಸುವಾಗಿನ ದಾರಿ ಬೇರೆ ಇಳಿಸುವಾಗಿನ ದಾರಿ ಬೇರೆ, ಬೈಂಡರ್ ಸಂಖ್ಯೆ ಆ ಗುಂಡಿ ತೋಡುತ್ತದೆ. ಪೆಟ್ಟಿಗೆ ಪಟ್ಟಿಗಿಂತ ಚಿಕ್ಕದಾಗಿದ್ದರೆ ಪಟ್ಟಿ ಹುಟ್ಟಲು ಜಾಗವೇ ಇರುವುದಿಲ್ಲ, ಜಿಗಿತವೂ ಕಾಣುವುದಿಲ್ಲ. ಗದ್ದಲವನ್ನು ಕೋನಕ್ಕೆ ಸೇರಿಸುವ ಬದಲು ಪಕ್ಕದವರ ದಿಕ್ಕುಗಳ ಮೊತ್ತಕ್ಕೇ ಸೇರಿಸಿದರೆ ಪಟ್ಟಿಗಳು ಸಣ್ಣ ಪೆಟ್ಟಿಗೆಯಲ್ಲೇ ಬರುತ್ತವೆ. ಮೊದಲ ಸಲ ನೋಡುವವರು ವೇಗ 0.5, ಸಾಂದ್ರತೆ 2 ಇಟ್ಟು ಹೀಗೆ ಶುರುಮಾಡುವುದು ಜಾಣತನ. ನನ್ನ ಮಟ್ಟಿಗೆ, ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಓಡಿಸಿ ‘ನಿರಂತರ’ ಎಂದು ಹೇಳುವ ಯಾವ ಸಕ್ರಿಯ ಮಾದರಿಯನ್ನೂ ಒಪ್ಪಬೇಕಿಲ್ಲ.

ಇಂಥ ಹಿಂಡು ಇರುವುದೇ ಅಚ್ಚರಿ. ಎರಡು ಆಯಾಮದ ಸಮತೋಲನದಲ್ಲಿ, ಪಕ್ಕದವರ ಮಾತು ಮಾತ್ರ ಕೇಳುವ ಬಾಣಗಳು ದೂರದೂರಕ್ಕೂ ಒಂದೇ ದಿಕ್ಕು ಹಿಡಿಯಲಾರವು; 1966ರ ಮರ್ಮಿನ್–ವಾಗ್ನರ್ ಪ್ರಮೇಯ ಅದನ್ನು ತಡೆಯುತ್ತದೆ. ಹಿಂಡಿನಲ್ಲಿ ಬಾಣಗಳು ತೋರಿಸಿದ ಕಡೆಗೆ ತಾವೇ ಹೋಗುತ್ತವೆ, ಪಕ್ಕದವರು ಬದಲಾಗುತ್ತಲೇ ಇರುತ್ತಾರೆ, ಸುದ್ದಿ ಬೇಗ ಹರಡುತ್ತದೆ. 1995ರಲ್ಲೇ ಟೋನರ್ ಮತ್ತು ಟೂ ಇದನ್ನು ಸಮೀಕರಣಗಳಿಂದ ತೋರಿಸಿದರು. ಅದಕ್ಕೆ ತೆರುವ ಬೆಲೆ ಸಾಂದ್ರತೆಯ ದೈತ್ಯ ಏರುಪೇರು. ಸಾಮಾನ್ಯ ದ್ರವದಲ್ಲಿ ಒಂದು ಕಿಟಕಿಯೊಳಗೆ ಸರಾಸರಿ 10,000 ಕಣಗಳಿದ್ದರೆ ಏರುಪೇರು ನೂರರ ಆಸುಪಾಸು, ಅಂದರೆ ವರ್ಗಮೂಲ. ಹಿಂಡಿನಲ್ಲಿ ಘಾತ 0.5ರ ಬದಲು 0.8ರ ಹತ್ತಿರ. ದಿಕ್ಕಿದ್ದೂ ಹಿಂದುಮುಂದಿಲ್ಲದ ಕಡ್ಡಿಗಳಿಗೆ ಅದು 1ರವರೆಗೂ ಹೋಗಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿ ಮತ್ತು ಸಂಗಡಿಗರು 2003ರಲ್ಲಿ ಹೇಳಿದರು. 2007ರಲ್ಲಿ ನಾರಾಯಣ್, ರಾಮಸ್ವಾಮಿ ಮತ್ತು ಮೆನನ್ ತಾಮ್ರದ ಸಣ್ಣ ಕಡ್ಡಿಗಳನ್ನು ನಡುಗುವ ತಟ್ಟೆಯ ಮೇಲೆ ಕುಣಿಸಿ ಅಳೆದರು.

ಈ ಅಳತೆಯಲ್ಲಿ ಮೋಸ ಹೋಗುವುದು ಬಹಳ ಸುಲಭ. ಪಟ್ಟಿಗಳಿರುವ ಸ್ಥಿತಿಯಲ್ಲಿ ಅಳೆದರೆ ಕಿಟಕಿಯೊಳಗೆ ಪಟ್ಟಿ ಬಂದಾಗ ಕಣ ಜಾಸ್ತಿ, ಹೋದಾಗ ಕಡಿಮೆ, ಘಾತ ತಾನಾಗಿ 1ರ ಕಡೆ ಏರುತ್ತದೆ. ಅದು ದೈತ್ಯ ಏರುಪೇರಲ್ಲ, ಬರೀ ಎರಡು ಸ್ಥಿತಿಗಳ ಸಹಬಾಳ್ವೆ. ಗದ್ದಲವನ್ನು ಇನ್ನೂ ಇಳಿಸಿ ಪಟ್ಟಿಗಳು ಮಾಯವಾದ ಮೇಲೆ ಅಳೆಯಬೇಕು. ಕಿಟಕಿ ಪೆಟ್ಟಿಗೆಯ ಹತ್ತನೇ ಒಂದು ವಿಸ್ತೀರ್ಣಕ್ಕಿಂತ ದೊಡ್ಡದಾದರೆ ಒಟ್ಟು ಸಂಖ್ಯೆ ಸ್ಥಿರವಾಗಿರುವ ಕಾರಣ ಏರುಪೇರು ಕೃತಕವಾಗಿ ಕುಗ್ಗಿ ಗೆರೆ ಬಾಗುತ್ತದೆ. ಆ ಭಾಗ ಬಿಟ್ಟುಬಿಡಿ.

ಮತ್ತೆ ಆ ತಟ್ಟೆಗೆ

ಪ್ರಯೋಗಕ್ಕೆ ಗುಂಡಿನ ಅಳತೆ ಆರಿಸುವಾಗ ನೆನಪಿಡಬೇಕಾದ್ದು: ಮುಖ ತಿರುಗುವ ಕಾಲ ವ್ಯಾಸದ ಘನದಂತೆ ಬೆಳೆಯುತ್ತದೆ. ಕೋಣೆಯ ಉಷ್ಣಾಂಶದ ನೀರಿನಲ್ಲಿ 1 ಮೈಕ್ರೋಮೀಟರ್ ಗುಂಡು 0.7 ಸೆಕೆಂಡಿನಲ್ಲಿ ದಿಕ್ಕು ಮರೆಯುತ್ತದೆ, 4 ಮೈಕ್ರೋಮೀಟರಿನದು ಸುಮಾರು 45 ಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ 1 ಮೈಕ್ರೋಮೀಟರ್ ವೇಗದಲ್ಲಿ ದೊಡ್ಡ ಗುಂಡಿನ ಪೆಕ್ಲೆ ಸಂಖ್ಯೆ 33 ಆದರೆ ಚಿಕ್ಕದರದ್ದು 2 ಮಾತ್ರ. ಹಾಗೆಂದು ಬಹಳ ದೊಡ್ಡದು ಮಾಡಿದರೆ ಒಂದು ಅಳತೆ ಮುಗಿಯುವುದರೊಳಗೆ ದ್ರವ ಆವಿಯಾಗಿರುತ್ತದೆ.

ಗುಂಪು ಕಂಡ ಕೂಡಲೇ ಬೆಳಕು ಆರಿಸಿ ನೋಡಬೇಕು. ಈಜಿನಿಂದ ಆದ ಗುಂಪಾದರೆ ಅಂಚಿನಿಂದ ಶುರುವಾಗಿ ನಿಮಿಷಗಳಲ್ಲಿ ಸಡಿಲಗೊಳ್ಳುತ್ತದೆ. ಸಡಿಲಗೊಳ್ಳದಿದ್ದರೆ ಗುಂಡುಗಳು ಅಂಟಿಕೊಂಡಿವೆ, ದ್ರವದಲ್ಲಿ ಲವಣ ಜಾಸ್ತಿಯಾಗಿರುವುದು ಸಾಮಾನ್ಯ ಕಾರಣ, ಆ ಮಾದರಿ ಚೆಲ್ಲಿ. ಆದರೆ ಸಡಿಲಗೊಂಡಿತೆಂದ ಮಾತ್ರಕ್ಕೆ ಆಕರ್ಷಣೆ ಇರಲೇ ಇಲ್ಲ ಎಂದಾಗುವುದಿಲ್ಲ. ಬಿಸಿಯಾದ ಟೋಪಿಯ ಸುತ್ತಲಿನ ಉಷ್ಣಾಂಶ ಮತ್ತು ರಾಸಾಯನಿಕ ಇಳಿಜಾರು ಕೂಡ ಪಕ್ಕದ ಗುಂಡನ್ನು ಎಳೆಯಬಲ್ಲದು, ಮತ್ತು ಅದೂ ಬೆಳಕಿನೊಂದಿಗೇ ಆರುತ್ತದೆ. ಬೇರ್ಪಡಿಸಿ ನೋಡಲು ಲೇಪವಿಲ್ಲದ ಬರೀ ಗುಂಡು ಕೆಲವನ್ನು ಬೆರೆಸಿ, ಗಾಜಿಗೆ ಸಿಕ್ಕಿಕೊಂಡು ಈಜಲಾರದ ಟೋಪಿ ಗುಂಡೊಂದನ್ನು ಹುಡುಕಿ, ಬೆಳಕಿನಡಿ ಅದರ ಸುತ್ತ ಬರೀ ಗುಂಡುಗಳ ಚಲನೆಯನ್ನು ಗುರುತಿಸುತ್ತಾ ಹೋಗಿ. ಮುಟ್ಟುವ ಮುಂಚೆಯೇ ಅವು ಅದರ ಕಡೆ ವಾಲುತ್ತಿದ್ದರೆ ನಿಮ್ಮ ತಟ್ಟೆಯಲ್ಲಿ ಗುಂಪು ಕಟ್ಟಿದ್ದು ನಿಧಾನವಾಗುವಿಕೆಯೊಂದೇ ಅಲ್ಲ.